ಲೇಸಿಕ್ ಆದ ಕಣ್ಣು, ಮೂರು ಫಾರ್ಮುಲಾಗೆ ಮೂರು ಪವರ್. ಯಾವುದು ಹಾಕೋದು?

ವಿರಾಜಪೇಟೆ_ಆಪ್ಟೋ:
ತಲೆ ಕೆಟ್ಟುಹೋಗಿದೆ. ಗೋಣಿಕೊಪ್ಪದ ಕಾಫಿ ಬೆಳೆಗಾರರೊಬ್ಬರ ಬಲಗಣ್ಣಿಗೆ ಪೊರೆ ಆಪರೇಷನ್. ಹಿಂದೆ ಬೆಂಗಳೂರಲ್ಲಿ ಲೇಸಿಕ್ (ಕನ್ನಡಕದ ನಂಬರ್ ತೆಗೆಯೋ ಲೇಸರ್ ಆಪರೇಷನ್) ಆಗಿದೆ. ಪೊರೆ ತೆಗೆದು ಕಣ್ಣೊಳಗೆ ಕೂರಿಸೋ ಲೆನ್ಸಿನ ಪವರ್‌ಗೆ ಮೂರು ಫಾರ್ಮುಲಾ ಹಾಕಿದೆ. ಮಾಮೂಲಿ ಕಣ್ಣಿನ ಎಸ್‌ಆರ್‌ಕೆ/ಟಿ 18.0 ಕೊಡ್ತಿದೆ, ಲೇಸಿಕ್ ಆದ ಕಣ್ಣಿಗೆ ಅಂತಲೇ ಇರೋ ಬ್ಯಾರೆಟ್ ಟ್ರೂ-ಕೆ 19.5, ಹೈಗಿಸ್-ಎಲ್ 20.0. ನಾಳೆ ಲೆನ್ಸ್ ಆರ್ಡರ್ ಮಾಡ್ಬೇಕು. ಯಾವುದನ್ನ ನಂಬಲಿ?

ಹುಬ್ಬಳ್ಳಿ_ರಿಫ್ರಾಕ್ಷನ್:
ಕಣ್ಣು ಒಣಗಿದ್ರ ಕೆ ರೀಡಿಂಗ್, ಅಂದ್ರ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಬಾಗಿನ ಅಳತಿ, ಕೆಡತದ. ಲೇಸಿಕ್ ಆದವರಿಗೆ ಇದು ಭಾಳ. ಡ್ರಾಪ್ಸ್ ಕೊಟ್ಟು, ಸ್ವಲ್ಪ ದಿನ ಬಿಟ್ಟು ಮತ್ತ ಅಳೀರಿ.

ಕುಡ್ಲ_ಬಯೋಮೆಟ್ರಿ:
ಮೈನಸ್ ತೆಗೆಸಿದ್ದಾ, ಪ್ಲಸ್ಸಾ? ಆರ್‌ಕೆ (ಬ್ಲೇಡಲ್ಲಿ ಕಾರ್ನಿಯಾ ಗೀರುವ ಹಳೇ ಆಪರೇಷನ್) ಅಲ್ಲ ತಾನೇ? ಕಣ್ಣಿನ ಉದ್ದ, ಕೆ ಎಂತದೂ ಬರೆದಿಲ್ಲ ನೀವು.

ವಿರಾಜಪೇಟೆ_ಆಪ್ಟೋ:
ಲೇಸಿಕ್ಕೇ ಸರ್, ಮೈನಸ್ಸೇ ಇರ್ಬೇಕು. ಉದ್ದ 26.1 ಮಿ.ಮೀ., ಕೆ 39.2. ಹಳೇ ಫೈಲ್ ಇಲ್ಲ.

ಹುಬ್ಬಳ್ಳಿ_ರಿಫ್ರಾಕ್ಷನ್:
39.2 ಅಂದ್ರ ನಂಗ ಅನುಮಾನ ಐತಿ. ಒಣಗಣ್ಣೇ ರೀ. ಮೊದಲು ಡ್ರಾಪ್ಸ್.

ಕುಡ್ಲ_ಬಯೋಮೆಟ್ರಿ:
ಡ್ರಾಪ್ಸ್ ಬೇಡ ಅಂತ ಅಲ್ಲ. ಆದ್ರೆ ಮೂರೂ ಫಾರ್ಮುಲಾಗೆ ಹೋಗಿರೋದು ಅದೇ ಕೆ ಅಲ್ವಾ, ಮತ್ತೆ ಈ ಅಂತರ ಒಣಗಣ್ಣಿಂದ ಹೇಗೆ ಬರ್ತದೆ? ಲೇಸರ್ ಕಾರ್ನಿಯಾದ ಮುಂಭಾಗ ಮಾತ್ರ ಚಪ್ಪಟೆ ಮಾಡ್ತದೆ, ಹಿಂಭಾಗ ಹಾಗೇ ಉಳೀತದೆ. ಮೆಷಿನ್ 1.3375 ವಕ್ರೀಭವನ ಸೂಚ್ಯಂಕ ಹಿಡಿದು ಮುಂಭಾಗ-ಹಿಂಭಾಗದ ಬಾಗಿನ ಅನುಪಾತ ಬದಲಾಗಿಲ್ಲ ಅಂತ ಲೆಕ್ಕ ಹಾಕ್ತದೆ, ಹಾಗಾಗಿ ಕೆ ನಿಜಕ್ಕಿಂತ ಜಾಸ್ತಿ ತೋರಿಸ್ತದೆ. ಅದರ ಮೇಲೆ ಎಸ್‌ಆರ್‌ಕೆ/ಟಿ ಚಪ್ಪಟೆ ಕೆ ನೋಡಿ, ಲೆನ್ಸ್ ಮುಂದಕ್ಕೆ ಕೂರ್ತದೆ ಅಂತ ಊಹಿಸ್ತದೆ. ಎರಡೂ ಸೇರಿ ಪವರ್ ಕಮ್ಮಿ ಬರ್ತದೆ. 18 ಹಾಕಿದ್ರೆ ಪೇಷಂಟ್ ಪ್ಲಸ್ಸಿಗೆ ಹೋಗ್ತಾರೆ. ಅದನ್ನು ಬಿಟ್ಟುಬಿಡಿ.

ಮೈಸೂರು_ಲೆನ್ಸ್:
ಉದ್ದ ಸರಿಯಾಗಿ ಸಿಕ್ಕಿದ್ಯಾ? ನಮ್ಮಲ್ಲಿ ಸ್ವೆಪ್ಟ್-ಸೋರ್ಸ್ ಆಪ್ಟಿಕಲ್ (ಬೆಳಕಲ್ಲಿ ಅಳೆಯೋ) ಮೆಷಿನ್, ಗಟ್ಟಿ ಪೊರೆಯಲ್ಲೂ ಅಳೆಯುತ್ತೆ. ಟೋಟಲ್ ಕೆರಾಟೊಮೆಟ್ರಿನೂ (ಕಾರ್ನಿಯಾದ ಹಿಂಭಾಗವನ್ನೂ ಸೇರಿಸಿದ ಅಳತೆ) ಕೊಡುತ್ತೆ.

ಹುಬ್ಬಳ್ಳಿ_ರಿಫ್ರಾಕ್ಷನ್:
ನುರಿತ ಕೈಯಾಗ ಇಮ್ಮರ್ಷನ್ ಎ-ಸ್ಕ್ಯಾನ್ (ಅಲ್ಟ್ರಾಸೌಂಡ್ ಅಳತಿ) ಏನ್ ಕಮ್ಮಿ ಇಲ್ರಿ.

ಮೈಸೂರು_ಲೆನ್ಸ್:
ಆಪ್ಟಿಕಲ್ ಮುಂದೆ ಎ-ಸ್ಕ್ಯಾನ್ ಯಾಕೆ ಸರ್?

ವಿರಾಜಪೇಟೆ_ಆಪ್ಟೋ:
ಆಪ್ಟಿಕಲ್‌ನಲ್ಲೇ ಅಳೆದಿದ್ದು, ಉದ್ದದಲ್ಲಿ ತೊಂದರೆ ಇಲ್ಲ. ದಯವಿಟ್ಟು ಪವರ್ ವಿಷಯ ಹೇಳಿ. ಪೇಷಂಟ್ ಮಗಳು ಲೇಸಿಕ್‌ಗೆ ಮುಂಚಿನ ಕನ್ನಡಕ ತಂದ್ರು. ಒಂದು ಕಾಲು ಮುರಿದಿದೆ, ಗಾಜು ಚೆನ್ನಾಗಿದೆ. ಲೆನ್ಸೋಮೀಟರಲ್ಲಿ ಬಲಗಡೆ ಮೈನಸ್ 6.00.

ಕುಡ್ಲ_ಬಯೋಮೆಟ್ರಿ:
ಅದೇ ಬೇಕಿತ್ತು. ಟ್ರೂ-ಕೆಯಲ್ಲಿ ಹಳೇ ನಂಬರ್ ಹಾಕುವ ಜಾಗ ಉಂಟು, ತುಂಬಿಸಿ. ಆಪರೇಷನ್ ಆದ್ಮೇಲೆ ಉಳಿಯುವ ನಂಬರಿನ ಗುರಿ ಸೊನ್ನೆ ಬೇಡ, ಮೈನಸ್ 0.50 ಹತ್ತಿರ ಇಡಿ. ಮಲ್ಟಿಫೋಕಲ್ (ದೂರ, ಹತ್ತಿರ ಎರಡಕ್ಕೂ ಆಗುವ ಲೆನ್ಸ್) ಕೇಳಿದ್ರೆ ಬೇಡ ಅನ್ನಿ. ಆಮೇಲೆ ಕನ್ನಡಕ ಬೇಕಾಗಬಹುದು ಅಂತ ಈಗಲೇ ಹೇಳಿಬಿಡಿ.

ವಿರಾಜಪೇಟೆ_ಆಪ್ಟೋ:
ಹಾಕಿ ನೋಡಿದೆ, ಸೊನ್ನೆಗೆ 19.5 ಅಂತಲೇ ಬರ್ತಿದೆ. ಸ್ವಲ್ಪ ಮೈನಸ್ ಉಳೀಲಿ ಅಂತ ಡಾಕ್ಟ್ರಿಗೆ 20.0 ಬರೆದುಕೊಟ್ಟೆ. ಎಡಗಣ್ಣಿಗೂ ಪೊರೆ ಇದೆ, ಇದರ ರಿಸಲ್ಟ್ ನೋಡ್ಕೊಂಡು ಮಾಡ್ತೀವಿ.

ಹುಬ್ಬಳ್ಳಿ_ರಿಫ್ರಾಕ್ಷನ್:
ಡ್ರಾಪ್ಸ್ ಹಾಕಿ ಕೆ ಮತ್ತೊಮ್ಮೆ ನೋಡಿದ್ರೇನು?