ಅಪ್‌ಡೇಟ್: ಯಕ್ಷಗಾನ ಡಿವಿಡಿ ರಿಪ್‌ಗೆ 50 ಫ್ರೇಮೇ ಸರಿ

ಉಡುಪಿಯಲ್ಲಿ ಕೊಂಡ ಯಕ್ಷಗಾನ ಡಿವಿಡಿಗಳನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದಲ್ಲಿ ರಿಪ್ ಮಾಡಿದರೆ (ಕಂಪ್ಯೂಟರ್ ಫೈಲಾಗಿಸಿದರೆ) ಧೀಂಗಿಣದ (ಗಿರಕಿ ಕುಣಿತದ) ಹೊತ್ತಿಗೆ ವೇಷದ ಅಂಚು ಬಾಚಣಿಗೆ ಹಲ್ಲಿನಂತೆ ಸೀಳುತ್ತದೆ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) 30 ಇಡಬೇಕೇ ಎಂದು ಕೇಳಿದ್ದೆ. ನೀವು ಹೇಳಿದ ದಾರಿಯಲ್ಲೇ ಸರಿಯಾಯಿತು, ತುಂಬಾ ಧನ್ಯವಾದ.

30 ಬೇಡವೇ ಬೇಡ. ಈ ಡಿಸ್ಕ್‌ಗಳು ಭಾರತದ ಟಿವಿ ಮಾದರಿಯಾದ ಪಾಲ್‌ನವು: 720×576, ಸೆಕೆಂಡಿಗೆ 25 ಫ್ರೇಮ್. 30 ಇಟ್ಟರೆ ಪ್ರತಿ ಸೆಕೆಂಡಿಗೆ 5 ನಕಲು ಫ್ರೇಮ್ ಸೇರಿ ಕುಣಿತ ತಡವರಿಸುತ್ತದೆ. ವಿಡಿಯೊ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಆಟದಲ್ಲಿ ಒಂದೊಂದು ಫ್ರೇಮಿನೊಳಗೂ ಬೇರೆ ಬೇರೆ ಕ್ಷಣದ ಎರಡು ಫೀಲ್ಡ್ (ಒಂದರಲ್ಲಿ ಸಮ ಸಾಲು, ಇನ್ನೊಂದರಲ್ಲಿ ಬೆಸ ಸಾಲು) ಇರುತ್ತವೆ, ಅಂದರೆ ಸೆಕೆಂಡಿಗೆ 50 ಚಲನೆ. ಫೀಲ್ಡ್‌ಗಳನ್ನು ಪೂರ್ಣ ಚಿತ್ರವಾಗಿಸುವ ಸಾಮಾನ್ಯ ಡಿಇಂಟರ್‌ಲೇಸ್ 25ಕ್ಕೆ ಇಳಿಸಿ ಅರ್ಧ ಚಲನೆಯನ್ನೇ ಬಿಸಾಡುತ್ತದೆ. ಹಾಗಾಗಿ ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್‌ಗೆ ಬಿಡಬ್ಲ್ಯುಡಿಐಎಫ್ (Bwdif), ಪ್ರಿಸೆಟ್ ಬಾಬ್ (ಪ್ರತಿ ಫೀಲ್ಡನ್ನೂ ಒಂದು ಫ್ರೇಮ್ ಮಾಡುವುದು), ಇಂಟರ್‌ಲೇಸ್ ಡಿಟೆಕ್ಷನ್ ಆಫ್. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 50, ಕಾನ್‌ಸ್ಟಂಟ್. ಗಿರಕಿಯ ಹೆಜ್ಜೆ ಹೆಜ್ಜೆಯೂ ಈಗ ಸ್ಪಷ್ಟ. ಫೈಲ್ ತುಸು ದೊಡ್ಡದಾಗುತ್ತದೆ, ಆಗಲಿ.

ಸಿನಿಮಾ ಡಿವಿಡಿಗೆ ಇದನ್ನೇ ಹಾಕಬೇಡಿ. 24 ಫ್ರೇಮಿನ ಫಿಲ್ಮನ್ನು ಪಾಲ್‌ಗಾಗಿ ಸುಮಾರು 4% ವೇಗವಾಗಿ ಓಡಿಸಿ 25 ಮಾಡಿರುತ್ತಾರೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶ 'ಇಂಟರ್‌ಲೇಸ್ಡ್' (ಎರಡು ಫೀಲ್ಡಿನದು) ಎಂದರೂ ನಂಬದೆ, ವಿಎಲ್‌ಸಿ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆಫ್ ಮಾಡಿ, ಚಲನೆ ಜೋರಿರುವ ಕಡೆ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಬಾಚಣಿಗೆ ಹಲ್ಲಿನ ಗೆರೆ ಎಲ್ಲೂ ಕಾಣದಿದ್ದರೆ ಫಿಲ್ಟರ್ ಇಲ್ಲದೆ 25.

ಅಮೆರಿಕದಿಂದ ಬಂದ ಎನ್‌ಟಿಎಸ್‌ಸಿ (ಅಲ್ಲಿನ ಟಿವಿ ಮಾದರಿ) ಸಿನಿಮಾ ಡಿಸ್ಕ್‌ ಇದ್ದರೆ ಡಿಟೆಲಿಸಿನ್ (ಟಿವಿಗಾಗಿ ಸೇರಿಸಿದ ಹೆಚ್ಚುವರಿ ಫೀಲ್ಡ್ ತೆಗೆಯುವ ಫಿಲ್ಟರ್) ಆನ್ ಮಾಡಿ 23.976.