ಈಕ್ವಿನಾಕ್ಸ್ 800 ಮೆಟಲ್ ಡಿಟೆಕ್ಟರ್: ನಾಯ್ಸ್ ಕ್ಯಾನ್ಸಲ್ ಮಾಡಿದ್ರೂ ಹೊಲದಲ್ಲಿ ಒಂದೇ ಸಮ ಬಡ್ಕೋತಿದೆ

ಯಾರ್ಕ್‌ಶೈರ್_ಕನ್ನಡಿಗ:
ತಲೆ ಕೆಟ್ಟುಹೋಗಿದೆ. ಆನ್ ಮಾಡಿದ ಕೂಡಲೇ ಟಿಕ್ ಟಿಕ್, ನಡುನಡುವೆ ಕೊರಕೊರ. ಯಾವ ಲೋಹ ಅಂತ ಸ್ಕ್ರೀನಲ್ಲಿ ತೋರ್ಸೋ ನಂಬರ್ ಮೈನಸ್ಸಿಂದ 30ರ ತನಕ ಕುಣಿಯುತ್ತೆ, ಅಗೆದ್ರೆ ಬರೀ ಮಣ್ಣು. ನಾಯ್ಸ್ ಕ್ಯಾನ್ಸಲ್ (ಗದ್ದಲ ಕಮ್ಮಿ ಇರೋ ಚಾನೆಲ್ ಹುಡುಕೋದು) ಆಯ್ತು, ಸೆನ್ಸಿಟಿವಿಟಿ ಇಳಿಸಿದ್ದಾಯ್ತು, ಫ್ಯಾಕ್ಟರಿ ರೀಸೆಟ್ಟೂ ಆಯ್ತು. ಸರಿಯಾದ ಸೆಟ್ಟಿಂಗ್ ಗೊತ್ತಿದ್ದೋರು ಹೇಳಿ.

ಗುಂಡಿತೋಡು:
ಯಾವ ಮೋಡು? ಫ್ರೀಕ್ವೆನ್ಸಿ ಮಲ್ಟಿನೋ (ಹಲವು ಒಟ್ಟಿಗೆ) ಸಿಂಗಲ್ಲೋ (ಒಂದೇ)? ಇಳಿಸಿದ್ದು ಎಷ್ಟಕ್ಕೆ? ಏನೂ ಹೇಳಿಲ್ಲ ನೀವು. ಇರ್ಲಿ, ಇದು ಹೈಟೆನ್ಷನ್ ಲೈನೇ. ಮಲ್ಟಿ ಬಿಟ್ಟು 15 ಕಿಲೋಹರ್ಟ್ಝ್‌ಗೆ ಬನ್ನಿ. 5ಕ್ಕೆ ಹೋಗ್ಬೇಡಿ, ಅಲ್ಲಿ ಕರೆಂಟಿನ ಗದ್ದಲ ಸಾಮಾನ್ಯವಾಗಿ ಜಾಸ್ತಿ, ತೆಳು ಹ್ಯಾಮರ್ಡ್ ನಾಣ್ಯಗಳೂ (ಕೈಯಲ್ಲಿ ಬಡಿದು ಮಾಡಿದ ಹಳೇವು) ಸರಿಯಾಗಿ ಕೇಳಲ್ಲ. ಫ್ರೀಕ್ವೆನ್ಸಿ ಬದಲಾಯಿಸಿದ ಮೇಲೆ ನಾಯ್ಸ್ ಕ್ಯಾನ್ಸಲ್ ಮತ್ತೆ ಮಾಡಬೇಕು. ಹಳೇದು ಸಾಕು ಅಂತ ಬಿಟ್ರೆ ಉಪಯೋಗ ಇಲ್ಲ.

ಯಾರ್ಕ್‌ಶೈರ್_ಕನ್ನಡಿಗ:
ಮೋಡು ಫೀಲ್ಡ್ 1, ಮಲ್ಟಿ, ಸೆನ್ಸಿಟಿವಿಟಿ 22. ಹತ್ತಿರ ಯಾವ ಲೈನೂ ಇಲ್ಲ.

ಗುಂಡಿತೋಡು:
ನೆಲದೊಳಗೆ ಕೇಬಲ್ ಹೋಗಿರುತ್ತೆ ಸಾರ್. ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ. 15 ಹಾಕಿ ನೋಡಿ.

ಚಿಲ್ಲರೆಕಾಸು:
ಐರನ್ ಬಯಾಸ್ ಏರಿಸಿ. ಮೈನಸ್ ನಂಬರ್ (ಕಬ್ಬಿಣ) ಎಲ್ಲಾ ಡಿಸ್ಕ್ರಿಮಿನೇಟ್ ಮಾಡಿ, ಅಂದ್ರೆ ಸದ್ದು ಬರದ ಹಾಗೆ ಮುಚ್ಚಿಬಿಡಿ.

ಮೆಲ್ಲಗೆ_ಬೀಸು:
ಐರನ್ ಬಯಾಸ್ ಇರೋದು ಕಬ್ಬಿಣದ ಸಿಗ್ನಲ್ಲನ್ನ ಯಾವ ಕಡೆ ವಾಲಿಸ್ಬೇಕು ಅನ್ನೋದಕ್ಕೆ, ಗಾಳಿಯಲ್ಲಿ ಬರೋ ಗದ್ದಲಕ್ಕಲ್ಲ. ನಂಬರು ಎಲ್ಲೆಂದರಲ್ಲಿ ಹಾರ್ತಿರೋವಾಗ ಮೈನಸ್ ಮುಚ್ಚಿದ್ರೆ ಉಳಿದಿದ್ದು ಪ್ಲಸ್ಸಲ್ಲಿ ಕೂಗುತ್ತೆ, ಅಷ್ಟೇ.

ಸೆಟ್ಟಿಂಗ್ ಮುಟ್ಟೋಕೆ ಮುಂಚೆ ಇದನ್ನ ನೋಡಿ. ಕಾಯಿಲ್ಲನ್ನ (ನೆಲದ ಮೇಲೆ ಬೀಸೋ ತಟ್ಟೆ) ಸೊಂಟದೆತ್ತರಕ್ಕೆ ಎತ್ತಿ ಅಲ್ಲಾಡಿಸ್ದೆ ಹಿಡೀರಿ. ಗದ್ದಲ ನಿಂತ್ರೆ ಸಮಸ್ಯೆ ಮಣ್ಣಿಂದೋ ಕಬ್ಬಿಣದ ಚೂರಿಂದೋ. ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್, ಅಂದ್ರೆ ಮಷಿನ್ನನ್ನ ಆ ಮಣ್ಣಿಗೆ ಹೊಂದಿಸೋದು. ನಿಲ್ಲದಿದ್ರೆ ಹೊರಗಿನ ಇಂಟರ್‌ಫಿಯರೆನ್ಸ್. ಆಮೇಲೆ ಕಾಯಿಲ್ಲನ್ನ ಗೋಡೆ ಥರ ನೆಟ್ಟಗೆ ನಿಲ್ಸಿ ಸುತ್ತ ತಿರುಗಿ. ಒಂದು ದಿಕ್ಕಲ್ಲಿ ಜೋರಾಗಿ, ಇನ್ನೊಂದರಲ್ಲಿ ಕಮ್ಮಿ ಆದ್ರೆ ಮೂಲ ಎಲ್ಲಿದೆ ಅಂತ ಅಂದಾಜು ಸಿಗುತ್ತೆ. ಇನ್ನೊಂದು: ಆ ಟಿಕ್ ಸಮ ಅಂತರದಲ್ಲಿ ಬರುತ್ತಾ?

ಡ್ಯೂಸ್_ಭಕ್ತ:
ಇದಕ್ಕೇ ನಾನು ಡ್ಯೂಸ್ 2 ಡಿಟೆಕ್ಟರ್ ತಗೊಳ್ಳಿ ಅನ್ನೋದು. ಕಾಯಿಲ್ ವೈರ್‌ಲೆಸ್, ಕೇಬಲ್ ಜಂಜಾಟವೇ ಇಲ್ಲ. 9 ಇಂಚಿನ ಕಾಯಿಲ್, ಸಂಜೆ ತನಕ ಬೀಸಿದ್ರೂ ಕೈ ನೋಯಲ್ಲ.

ಗುಂಡಿತೋಡು:
ಕೇಳಿದ್ಯಾರು ಮಾರಾಯಾ?

ಯಾರ್ಕ್‌ಶೈರ್_ಕನ್ನಡಿಗ:
ಎತ್ತಿ ಹಿಡಿದ್ರೂ ನಿಲ್ಲಲ್ಲ. ಟಿಕ್ ಗಡಿಯಾರದ ಹಾಗೆ, ಸೆಕೆಂಡಿಗೊಂದು, ಇಲ್ಲಾ ಸ್ವಲ್ಪ ತಡ. ಪಕ್ಕದ್ದು ಕುರಿ ಮೇಯೋ ಹೊಲ.

ಮೆಲ್ಲಗೆ_ಬೀಸು:
ಕುರಿ ಅಂತ ಮೊದಲೇ ಹೇಳ್ಬಾರ್ದಿತ್ತಾ! ಕರೆಂಟ್ ಬೇಲಿ ಅದು. ಎನರ್ಜೈಸರ್ (ಬೇಲಿಗೆ ಕರೆಂಟ್ ಕೊಡೋ ಪೆಟ್ಟಿಗೆ) ಸುಮಾರು ಸೆಕೆಂಡಿಗೊಂದು ಪಲ್ಸ್ ತಂತಿಗೆ ಬಿಡುತ್ತೆ. ಒದ್ದೆ ಹುಲ್ಲು ತಂತಿಗೆ ತಾಗಿದ್ರೆ, ಇನ್ಸುಲೇಟರ್ ಸೀಳಿದ್ರೆ ಅಲ್ಲಿ ಕಿಡಿ ಹಾರಿ ಗದ್ದಲ ಎಲ್ಲಾ ಫ್ರೀಕ್ವೆನ್ಸಿಗೂ ಹರಡುತ್ತೆ. ಮೀಡಿಯಂ ವೇವ್ ರೇಡಿಯೋ ಇದ್ರೆ ಯಾವ ಸ್ಟೇಷನ್ನೂ ಇಲ್ಲದ ಕಡೆ ತಿರುಗ್ಸಿ ಬೇಲಿ ಪಕ್ಕ ನಡೀರಿ. ಅದೇ ಟಿಕ್ ಅಲ್ಲೂ ಕೇಳುತ್ತೆ, ಸೋರೋ ಜಾಗದಲ್ಲಿ ಇನ್ನೂ ಜೋರು.

ಆಟೋ ನಾಯ್ಸ್ ಕ್ಯಾನ್ಸಲ್ ಇಲ್ಲಿ ಕೈಕೊಡೋಕೆ ಕಾರಣ ಇದೆ. ಅದು 19 ಚಾನೆಲ್‌ಗಳನ್ನ ಕೆಲವೇ ಸೆಕೆಂಡಲ್ಲಿ ಕೇಳಿ ಮುಗಿಸುತ್ತೆ. ಎರಡು ಪಲ್ಸಿನ ನಡುವಿನ ಮೌನದಲ್ಲಿ ಕೇಳಿದ ಚಾನೆಲ್ ‘ಚೆನ್ನಾಗಿದೆ’ ಅಂತ ಆಯ್ಕೆ ಆಗ್ಬಿಡುತ್ತೆ. ನೀವೇ ಮ್ಯಾನ್ಯುಯಲ್ಲಾಗಿ −9ರಿಂದ 9ರ ತನಕ ಒಂದೊಂದೇ ಹಾಕಿ, ಪ್ರತಿಯೊಂದರಲ್ಲೂ ನಾಲ್ಕೈದು ಟಿಕ್ ಕಾದು ಕೇಳಿ. ಎಲ್ಲಾ ಮುಗಿದ ಮೇಲೆ ಗ್ರೌಂಡ್ ಬ್ಯಾಲೆನ್ಸ್, ಕೊನೆಗೆ ಸೆನ್ಸಿಟಿವಿಟಿ. ಸೆನ್ಸಿಟಿವಿಟಿಯನ್ನ ಗದ್ದಲ ನಿಲ್ಲೋ ತನಕ ಒಂದೊಂದೇ ಹಂತ ಇಳಿಸಿ. ಈ ಕ್ರಮ ತಿರುವುಮುರುವು ಮಾಡ್ಬೇಡಿ.

ಎಲ್ಲಕ್ಕಿಂತ ಸುಲಭ: ಎರಡು ಗಂಟೆ ಬೇಲಿ ಆಫ್ ಮಾಡ್ತೀರಾ ಅಂತ ರೈತರನ್ನ ಕೇಳೋದು. ನೀವಾಗಿ ಮುಟ್ಬೇಡಿ, ಕುರಿ ರಸ್ತೆಗೆ ಬಂದ್ರೆ ಪರ್ಮಿಷನ್ ಹೋಯ್ತು.

ಗುಂಡಿತೋಡು:
ಬೇಲಿ ಟಿಕ್‌ಗೆ ಸರಿ. ಕೊರಕೊರ ಲೈನಿಂದೇ, ನಾನು ಬಿಡಲ್ಲ. ಸೆನ್ಸಿಟಿವಿಟಿ ಇಳಿಸ್ತಾ ಹೋದ್ರೆ ಆಳ ಹೋಗುತ್ತೆ, ಆಮೇಲೆ ಮೇಲ್ಮಣ್ಣಿನ ಬಂದೂಕಿನ ಕಾರ್ಟ್ರಿಡ್ಜ್ ತಳ ಆರಿಸ್ಕೊಂಡು ಕೂತ್ಕೋಬೇಕು.

ಮೆಲ್ಲಗೆ_ಬೀಸು:
22ರಲ್ಲಿ ಕೂಗಾಡೋ ಮಷಿನ್ನಿಗಿಂತ 18ರಲ್ಲಿ ಸುಮ್ಮನಿರೋದು ಆಳದ ಸಿಗ್ನಲ್ಲನ್ನ ಚೆನ್ನಾಗಿ ಕೇಳಿಸುತ್ತೆ. ಗದ್ದಲದೊಳಗೆ ಮುಳುಗಿದ್ದು ಇದ್ದೂ ಇಲ್ಲದ ಹಾಗೆ.

ಹೊಸಪೇಟೆ_ಹೈದ:
ಅಣ್ಣಾ, ನಮ್ಮ ಹಂಪಿ ಕಡೆ ಯಾವ ಫ್ರೀಕ್ವೆನ್ಸಿ ಒಳ್ಳೇದು?

ಚಿಲ್ಲರೆಕಾಸು:
ಆಫ್ ಒಳ್ಳೇದು. ಸಂರಕ್ಷಿತ ಸ್ಮಾರಕ ಇರೋ ಜಾಗ ಅದು, ಅಗೆದ್ರೆ ಕೇಸು. ನಿಮ್ಮದೇ ಹೊಲದಲ್ಲಿ ಹೂತದ್ದು ಸಿಕ್ಕಿ ಬೆಲೆ 10 ರೂಪಾಯಿ ದಾಟಿದ್ರೂ 1878ರ ನಿಧಿ ಕಾಯ್ದೆ ಪ್ರಕಾರ ಕಲೆಕ್ಟರಿಗೆ ತಿಳಿಸ್ಲೇಬೇಕು. ಇಂಗ್ಲೆಂಡಲ್ಲೂ ಸಂರಕ್ಷಿತ ಸ್ಮಾರಕದ ಮೇಲೆ ಲಿಖಿತ ಒಪ್ಪಿಗೆ ಇಲ್ದೆ ಡಿಟೆಕ್ಟರ್ ಬಳಸೋದು 1979ರ ಕಾಯ್ದೆ ಪ್ರಕಾರ ಅಪರಾಧ.

ಯಾರ್ಕ್‌ಶೈರ್_ಕನ್ನಡಿಗ:
ರೈತರು ಬೇಲಿ ಆಫ್ ಮಾಡಿದ್ರು, ಟಿಕ್ ಪೂರ್ತಿ ನಿಂತುಹೋಯ್ತು. ಕೊರಕೊರ ಹಾಗೇ ಇದೆ. ಆದ್ರೆ ಅದು ಬಿಟ್ಟು ಬಿಟ್ಟು ಬರುತ್ತೆ. ಫ್ರೆಂಡ್ ದೂರ ಹೋದಾಗ ಕಮ್ಮಿ.

ಮೆಲ್ಲಗೆ_ಬೀಸು:
ಫ್ರೆಂಡಾ? ಅವರ ಮಷಿನ್ ಯಾವ್ದು?

ಯಾರ್ಕ್‌ಶೈರ್_ಕನ್ನಡಿಗ:
ಅದೂ 800, ಅದೇ ಸೆಟ್ಟಿಂಗ್. ಹತ್ತು ಹೆಜ್ಜೆ ದೂರದಲ್ಲಿ ಇರ್ತಾನೆ.

ಮೆಲ್ಲಗೆ_ಬೀಸು:
ಹಂಗಾದ್ರೆ ಒಂದರ ಕೂಗು ಇನ್ನೊಂದಕ್ಕೆ ಕೇಳ್ತಿದೆ. ಒಬ್ಬರು −6, ಇನ್ನೊಬ್ಬರು 6 ಹೀಗೆ ಬೇರೆ ಬೇರೆ ಚಾನೆಲ್ ಇಟ್ಕೊಂಡು, ನಡುವೆ 20 ಮೀಟರ್ ಬಿಡಿ. ನಾಯ್ಸ್ ಕ್ಯಾನ್ಸಲ್ ಮಾಡೋವಾಗ ಇಬ್ಬರ ಮಷಿನ್ನೂ ಆನ್ ಇರ್ಲಿ. ಫೋನು ಏರೋಪ್ಲೇನ್ ಮೋಡಲ್ಲಿ, ಪಿನ್‌ಪಾಯಿಂಟರ್ (ಗುಂಡಿಯೊಳಗೆ ಹುಡುಕೋ ಕೈ ಡಿಟೆಕ್ಟರ್) ಗುಂಡಿ ತೋಡೋವಾಗ ಮಾತ್ರ ಆನ್.

ಡ್ಯೂಸ್_ಭಕ್ತ:
ಡ್ಯೂಸಲ್ಲಿ ಪಿನ್‌ಪಾಯಿಂಟರ್ ಸದ್ದು ಸೀದಾ ಹೆಡ್‌ಫೋನಿಗೇ ಬರುತ್ತೆ, ಗೊತ್ತಾ?

ಗುಂಡಿತೋಡು:
ಚಾನೆಲ್ ಬದಲಾಯಿಸಿದ್ರೂ ಇದು ಹೋಗಲ್ಲ ನೋಡ್ತಿರಿ, 15ಕ್ಕೇ ಬರ್ತೀರಿ. 6 ಇಂಚಿನ ಕಾಯಿಲ್ ಇದ್ರೆ ಅದನ್ನೂ ಹಾಕಿ, ಕಾಯಿಲ್ ಚಿಕ್ಕದಾದಷ್ಟೂ ಗದ್ದಲ ಹಿಡಿಯೋದು ಕಮ್ಮಿ. ಕೇಬಲ್ ಶಾಫ್ಟಿಗೆ ಬಿಗಿಯಾಗಿ ಸುತ್ತಿದೀರಾ? ಕಾಯಿಲ್ ಕವರ್ ಬಿಚ್ಚಿ ಒಳಗಿನ ಮಣ್ಣು ತೆಗೆದಿದ್ದು ಯಾವಾಗ?