ಪದಚರ್ಚೆ: ‘ಎಂಜಿನ್ ಆರಿಸಿ’ ಎಂದರೆ ಏನು ಅರ್ಥವಾಗುತ್ತದೆ? (ನಾಳೆ ಸಂಜೆಯೊಳಗೆ ಬೇಕು)

ಉಜಿರೆಯಿಂದ:

ಎಲ್ಲರಿಗೂ ನಮಸ್ಕಾರ. ಚಾರ್ಮಾಡಿ ಘಟ್ಟದ ಬುಡದಲ್ಲಿ ನಮ್ಮ ಭಾವನವರ ಗ್ಯಾರೇಜು ಇದೆ. ಹಳೆಯ ಮಾರುತಿ 800, ಅಂಬಾಸಿಡರ್ ಇಟ್ಟುಕೊಂಡವರು ಬೇಸಿಗೆಯಲ್ಲಿ ಘಟ್ಟ ಹತ್ತಲು ಹೋಗಿ, ಅರ್ಧಕ್ಕೇ ನಿಲ್ಲಿಸಿ ಫೋನ್ ಮಾಡುತ್ತಾರೆ. ಹೋದ ತಿಂಗಳು ಒಬ್ಬರು ಹಾಗೆ ನಿಂತವರು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿ ಮೊಣಕೈವರೆಗೆ ಸುಟ್ಟುಕೊಂಡರು. ಅದನ್ನು ಕಂಡ ಮೇಲೆ ಭಾವ ಒಂದು ಫಲಕ ಬರೆಸಲು ಹೊರಟಿದ್ದಾರೆ. ಪೇಂಟರ್ ನಾಳೆ ಸಂಜೆ ಬರುತ್ತಾನೆ. ನಾನು ಬರೆದುಕೊಟ್ಟದ್ದು ಇದು:

“ಎಂಜಿನ್ ಅತಿಯಾಗಿ ಬಿಸಿಯಾದರೆ ಗಾಡಿ ನಿಲ್ಲಿಸಿ. ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಆಮೇಲೆ ಕೂಲೆಂಟ್ ನೋಡಿ.”

ಆರಿಸಿ ಎಂದದ್ದು ತಣಿಯಲು ಬಿಡಿ ಎಂಬ ಅರ್ಥದಲ್ಲಿ. ಭಾವ ಓದಿ, “ಆಫ್ ಮಾಡಿ ಅಂತಲ್ಲವೇ?” ಎಂದರು. ರೇಡಿಯೇಟರ್, ಕೂಲೆಂಟ್ ಇವಕ್ಕೆ ಕನ್ನಡದ ಪದವಿದ್ದರೆ ಅದನ್ನೂ ತಿಳಿಸಿ.

ಮೈಸೂರಿನಿಂದ:

ವಿಕಿರಕ, ಶೀತಕ. ಎರಡೂ ಸಿದ್ಧಪದಗಳು, ಹುಡುಕಬೇಕಾದ ಅಗತ್ಯವೇ ಇಲ್ಲ. ‘ರೇಡಿಯೇಟರ್ ಮುಚ್ಚಳ’ ಅರಿಸಮಾಸಕ್ಕಿಂತ ಕೆಟ್ಟದ್ದು. ಸಂಸ್ಕೃತದ ಜೊತೆ ಕನ್ನಡ ಕೂಡಿಸಲೂ ಹಿಂಜರಿದವರು ನಮ್ಮ ಲಾಕ್ಷಣಿಕರು. ‘ವಿಕಿರಕ ಪಿಧಾನ’ ಎಂದು ಬರೆಸಿ. ಓದುಗರು ಕಲಿಯುತ್ತಾರೆ.

ಬೆಂಗಳೂರಿನಿಂದ:

ಕೂಲೆಂಟಿಗೆ ‘ತಣ್ಣೀರು’ ಸಾಲದೇ? ಅಚ್ಚಗನ್ನಡ, ಎಲ್ಲರಿಗೂ ಗೊತ್ತಿರುವ ಪದ.

ಹುಬ್ಬಳ್ಳಿಯಿಂದ:

ಮೂವತ್ತು ವರ್ಷ ಐಟಿಐಯಲ್ಲಿ ಹುಡುಗರಿಗೆ ಮೋಟಾರ್ ಮೆಕ್ಯಾನಿಕ್ ಕೆಲಸ ಕಲಿಸಿದವನು ನಾನು. ಮೊದಲು ಬೆಂಗಳೂರಿನವರಿಗೆ: ದಯವಿಟ್ಟು ಆ ಪದವನ್ನು ಹಿಂದೆಗೆದುಕೊಳ್ಳಿ. “ತಣ್ಣೀರು ನೋಡಿ” ಎಂದು ಬರೆದರೆ ಜನ ತಣ್ಣೀರನ್ನೇ ತಂದು ಸುರಿಯುತ್ತಾರೆ. ಮಾರುತಿ 800ರ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಅಲ್ಯೂಮಿನಿಯಮ್ಮಿನದು. ಕಾದ ಹೆಡ್ಡಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಸೀಳಲೂಬಹುದು.

ವಿಕಿರಕದ ವಿಷಯ. ರೇಡಿಯೇಟರು ಶಾಖವನ್ನು ಬಿಡುವುದು ಬಹುಪಾಲು ವಿಕಿರಣದಿಂದಲ್ಲ. ತೆಳು ರೆಕ್ಕೆಗಳ ನಡುವೆ ಹಾದುಹೋಗುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಇಂಗ್ಲಿಷಿನವರು ಇಟ್ಟ ಹೆಸರೇ ಸರಿಯಿಲ್ಲ. ಅವರ ತಪ್ಪನ್ನು ನಾವು ಸಂಸ್ಕೃತದಲ್ಲಿ ಮತ್ತೊಮ್ಮೆ ಮಾಡಬೇಕೇ? ಅಲ್ಲದೆ ಇಂದಿನ ಪತ್ರಿಕೆ ಓದುವವರಿಗೆ ವಿಕಿರಣವೆಂದರೆ ಅಣುಸ್ಥಾವರ. ಪಿಧಾನದ ಬಗ್ಗೆ ನಾನು ಮಾತನಾಡುವುದಿಲ್ಲ. ಮನೆಮನೆಯ ಡಬ್ಬಿಗೆ ಮುಚ್ಚಳವಿದೆ.

ಕೇಳಿದವರ ನಿಜವಾದ ತೊಡಕು ನಾಮಪದದಲ್ಲಿಲ್ಲ, ಕ್ರಿಯಾಪದದಲ್ಲಿದೆ. ಗ್ಯಾರೇಜಿನಲ್ಲಿ ಕಾಯಿಲೆ ಪತ್ತೆಯಾಗುವುದೂ ಗಿರಾಕಿ ಆಡುವ ಕ್ರಿಯಾಪದದಿಂದಲೇ. “ಸಿಗ್ನಲಿನಲ್ಲಿ ನಿಂತಾಗ ಕಾಯುತ್ತದೆ, ಓಡುವಾಗ ಸರಿಯಿರುತ್ತದೆ” ಎಂದರೆ ನಾನು ಮೊದಲು ಫ್ಯಾನ್ ನೋಡುತ್ತೇನೆ. ಮಾರುತಿಯಾದರೆ ಫ್ಯಾನಿನ ಮೋಟಾರು ಮತ್ತು ಸ್ವಿಚ್ಚು, ಅಂಬಾಸಿಡರ್ ಆದರೆ ಫ್ಯಾನ್ ಬೆಲ್ಟು. “ಏರು ಹತ್ತುವಾಗ ಕಾಯುತ್ತದೆ” ಎಂದರೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ ರೇಡಿಯೇಟರು, ಇಲ್ಲವೇ ಮುಚ್ಚಿಕೊಂಡೇ ಉಳಿದ ಥರ್ಮೋಸ್ಟ್ಯಾಟ್ (ಕಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ). ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಬೇಕು. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ಬಿಡದಿದ್ದರೆ ಎಸೆಯಬೇಕು. “ನೀರು ಕುಡಿಯುತ್ತದೆ, ಆದರೆ ಕೆಳಗೆ ಒಂದು ಹನಿಯೂ ಬಿದ್ದಿಲ್ಲ” ಎಂದರೆ ಹೆಡ್ಡಿನ ಅಡಿಯ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ. ಆಯಿಲ್ ಕಡ್ಡಿ ಎಳೆದಾಗ ಆಯಿಲು ಹಾಲು ಬೆರೆಸಿದ ಚಹಾದಂತೆ ಕಂಡರೆ ಹೆಡ್ ಬಿಚ್ಚಲೇಬೇಕು. ಇಷ್ಟೆಲ್ಲವನ್ನೂ ಕಾಯು, ಕುಡಿ, ಕುದಿ, ಉಕ್ಕು ಎಂಬ ನಾಲ್ಕು ಧಾತುಗಳು ಹೇಳುತ್ತವೆ.

ಕಾಯುವುದೂ ಕುದಿಯುವುದೂ ಒಂದಲ್ಲ. ಆ ಕೈ ಸುಟ್ಟದ್ದು ಈ ವ್ಯತ್ಯಾಸದಿಂದ. ಬಿಗಿದ ಮುಚ್ಚಳದ ಒಳಗೆ ಒತ್ತಡವಿರುತ್ತದೆ. ಮುಚ್ಚಳ 0.9 ಬಾರ್ ಒತ್ತಡ ತಡೆಯುವಂಥದ್ದಾದರೆ ಬರಿಯ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ಸುಮ್ಮನಿರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು ಅಷ್ಟೂ ನೀರು ಒಂದೇ ಸಲಕ್ಕೆ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಆದ್ದರಿಂದ “ಕುದಿಯುತ್ತಿದ್ದರೆ ಮುಟ್ಟಬೇಡಿ” ಎಂದು ಬರೆಯುವುದು ಕೂಡ ಅಪಾಯ. ಕುದಿಯುತ್ತಿಲ್ಲವಲ್ಲ ಎಂದು ಮುಟ್ಟುವವರಿದ್ದಾರೆ.

ಇನ್ನು ‘ಅತಿಯಾಗಿ ಬಿಸಿಯಾದರೆ’. ಎಂಜಿನ್ ಸದಾ ಬಿಸಿಯೇ, ಅದು ಬಿಸಿಯಿದ್ದರೇ ಚೆನ್ನಾಗಿ ಓಡುವುದು. ಕನ್ನಡಕ್ಕೆ ಇಲ್ಲಿ ವಿಶೇಷಣ ಬೇಕಿಲ್ಲ. ಒಡೆದುಹೋಯಿತು, ಸುಟ್ಟುಹೋಯಿತು ಎನ್ನುವ ಹಾಗೆ ‘ಕಾದುಹೋಯಿತು’ ಎಂದರೆ ಆಗಬಾರದಷ್ಟು ಆಯಿತೆಂಬುದು ‘ಹೋಗು’ವಿನಲ್ಲಿಯೇ ಬಂತು.

ಸಾಗರದಿಂದ:

ಹುಬ್ಬಳ್ಳಿಯವರು ‘ಕಾಯು’ ಎತ್ತಿದ್ದು ಸಂತೋಷ. ಆದರೆ ಕಾಯುವುದು ಎಂದರೆ ಕಾವಲಿರುವುದು, ದಾರಿ ನೋಡುವುದು ಕೂಡ. ಇವೆರಡೂ ಮೂಲದಲ್ಲಿ ಒಂದೇ ಎಂಬುದು ನನ್ನ ಬಹುಕಾಲದ ನಂಬಿಕೆ. ಕೋಳಿ ಮೊಟ್ಟೆಯ ಮೇಲೆ ಕಾವು ಕೂರುವುದನ್ನು ನೋಡಿ: ಅದು ಮೊಟ್ಟೆಯನ್ನು ಕಾಯುತ್ತದೆ, ಕಾಯಿಸುತ್ತಲೂ ಇರುತ್ತದೆ. ಎರಡಕ್ಕೂ ಭೂತರೂಪ ‘ಕಾದು’ ತಾನೇ?

ಹುಬ್ಬಳ್ಳಿಯಿಂದ:

ಅಲ್ಲ. ತಮಿಳಿನಲ್ಲಿ ಕಾಪಾಡುವುದು ‘ಕಾ’, ಬಿಸಿಯಾಗುವುದು ‘ಕಾಯ್’. ಅವುಗಳ ಭೂತರೂಪಗಳೂ ಬೇರೆ ಬೇರೆ. ಕನ್ನಡದಲ್ಲಿ ರೂಪ ಬೆರೆತಿದೆ, ಬೇರು ಬೆರೆತಿಲ್ಲ. ಕೋಳಿಯ ಚಿತ್ರ ಚೆಂದವಿದೆ, ಆದರೆ ಅದು ಪುರಾವೆಯಲ್ಲ.

ಸಾಗರದಿಂದ:

ತಮಿಳು ನಮ್ಮ ನಿಘಂಟಲ್ಲ. ಇರಲಿ, ‘ಆರು’ವಿನ ವಿಷಯಕ್ಕೆ ಬರುತ್ತೇನೆ, ಕೇಳಿದ್ದು ಅದನ್ನೇ. ಹಳಗನ್ನಡದಲ್ಲಿ ಇದು ಶಕಟರೇಫದ (ಱ ಎಂಬ ಹಳೆಯ ಅಕ್ಷರದ) ‘ಆಱು’. ಹಾಲು ಆರಿತು, ಬಟ್ಟೆ ಆರಿತು, ದೀಪ ಆರಿತು: ತಣಿಯುವುದು, ಒಣಗುವುದು, ನಂದುವುದು, ಮೂರೂ ಅದರಲ್ಲಿವೆ. ಅಕರ್ಮಕವಾಗಿದ್ದಾಗ ಸಂದರ್ಭ ಬಿಡಿಸುತ್ತದೆ. ‘ಆರಿಸಿ’ ಎಂದು ಪ್ರೇರಣಾರ್ಥಕ ಮಾಡಿದಿರೋ, ಇಂದಿನ ಕಿವಿಗೆ ದೀಪ ಆರಿಸುವುದು, ಲೈಟು ಆರಿಸುವುದೇ ಕೇಳುತ್ತದೆ. ಆಯ್ಕೆಯ ‘ಆರಿಸು’ ಬೇರೆ ಅಡ್ಡ ಬರುತ್ತದೆ. ತಮ್ಮ ಭಾವನವರ ಕಿವಿ ಸರಿಯಾಗಿದೆ. ‘ಎಂಜಿನ್ ಆರಲಿ’ ಎಂದು ಬರೆಯಿರಿ, ನಿಲ್ಲಿಸುವುದನ್ನು ‘ಬಂದ್ ಮಾಡಿ’ ಎನ್ನಿ.

ಮೈಸೂರಿನಿಂದ:

ಬಂದ್ ಮಾಡಿ! ಫಾರಸಿಯೂ ಬಂತು. ರೇಡಿಯೇಟರ್ ಇರಲಿ, ಕೂಲೆಂಟ್ ಇರಲಿ, ಬಂದ್ ಇರಲಿ ಎನ್ನುತ್ತಾ ಹೋದರೆ ಫಲಕದಲ್ಲಿ ಉಳಿಯುವ ಕನ್ನಡವೆಂದರೆ ವಿಭಕ್ತಿ ಪ್ರತ್ಯಯ ಮಾತ್ರ. ನನ್ನ ಮೊಮ್ಮಗ ಹಾಲನ್ನು ‘ಹೀಟ್ ಮಾಡು’ ಎನ್ನುತ್ತಾನೆ. ನನ್ನ ಸಿಟ್ಟು ನಿಮಗೆ ಹಳೆಯ ಕಾಲದ್ದೆನಿಸಬಹುದು, ಆದರೆ ನಾನು ಕಂಡದ್ದನ್ನು ಹೇಳುತ್ತಿದ್ದೇನೆ.

ಹುಬ್ಬಳ್ಳಿಯಿಂದ:

ಮೈಸೂರಿನವರೇ, ಹಾಲಿನ ವಿಷಯದಲ್ಲಿ ನಾನು ನಿಮ್ಮ ಪಕ್ಷ. ನನ್ನ ಕೈಯಲ್ಲಿ ಕಲಿತ ಹುಡುಗರೂ ‘ಎಂಜಿನ್ ಹೀಟ್ ಆಗಿದೆ’ ಎನ್ನುವಾಗ ನನಗೆ ನೋವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ದಿನಬೆಳಗಾದರೆ ಆಡುವ ಕ್ರಿಯಾಪದ ‘ಕಾಯು’. ಎಂಜಿನ್ನಿಗೆ ಮಾತ್ರ ಯಾಕೆ ಆಗದು? ಆದರೆ ರೇಡಿಯೇಟರ್ ಎಂಬುದು ಸರಕಿನ ಜೊತೆ ಬಂದ ಹೆಸರು. ಪೋರ್ಚುಗೀಸರಿಂದ ಮೇಜು ಬಂತು, ಫಾರಸಿಯಿಂದ ಕಾರ್ಖಾನೆ, ದುರಸ್ತಿ ಬಂದವು. ಕನ್ನಡ ಅವಕ್ಕೆ ತನ್ನ ಪ್ರತ್ಯಯ ಹಚ್ಚಿ ನಡೆಸಿಕೊಂಡಿದೆ. ‘ಕಬ್ಬಿಗರ ಕಾವ’ ಬರೆದ ಕವಿ ಅಂಡಯ್ಯ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟನೇ ಹೊರತು ತದ್ಭವಗಳನ್ನು ಬಿಡಲಿಲ್ಲ. ನೀವು ಶುದ್ಧವೆಂದು ಕೊಟ್ಟ ವಿಕಿರಕವೂ ಶೀತಕವೂ ಕನ್ನಡವಲ್ಲ. ಶೀತವೆಂದರೆ ನಮ್ಮ ಕಡೆ ಮೂಗು ಸೋರುವುದು. ಕೂಲೆಂಟ್ ಬರಿಯ ತಂಪಿಗೂ ಅಲ್ಲ. ಅದರಲ್ಲಿರುವ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ, ಉಳಿದ ಸೇರಿಕೆಗಳು ಒಳಗಿನ ತುಕ್ಕನ್ನು ತಡೆಯುತ್ತವೆ. ಡಬ್ಬಿಯ ಮೇಲೆ ಏನು ಅಚ್ಚಾಗಿದೆಯೋ ಫಲಕದಲ್ಲೂ ಅದೇ ಇರಲಿ.

ಮೈಸೂರಿನಿಂದ:

ಕಾರ್ಖಾನೆಯ ವಾದ ನೂರು ಸಲ ಕೇಳಿದ್ದೇನೆ. ಒಪ್ಪುವುದಿಲ್ಲ. ಆದರೆ ‘ಕಾದುಹೋದರೆ’ ಎಂಬುದನ್ನು ಬಿಡಬೇಡಿ, ಅದು ಸರಿಯಾದ ಕನ್ನಡ.

ಉಜಿರೆಯಿಂದ:

ಎಲ್ಲರಿಗೂ ಋಣಿ. ಭಾವನವರಿಗೆ ಓದಿ ಹೇಳಿದೆ. ‘ತೆರೆಯಬೇಡಿ’ ಅವರಿಗೆ ಹಿಡಿಸಲಿಲ್ಲ. ತೆರೆಯುವುದು ಬಾಗಿಲು, ಮುಚ್ಚಳವನ್ನು ತೆಗೆಯುವುದು ಎಂದರು. ಇನ್ನೊಂದು ಸಾಲನ್ನೂ ಸೇರಿಸಿದರು: ನೀರೆಲ್ಲ ಸೋರಿಹೋದರೆ ಬಿಸಿ ತೋರಿಸುವ ಮುಳ್ಳು ಕೆಲವೊಮ್ಮೆ ಕೆಳಗೇ ಬೀಳುತ್ತದೆ, ಏಕೆಂದರೆ ಸೆನ್ಸರಿಗೆ ನೀರೇ ತಾಗುವುದಿಲ್ಲ. ಅದನ್ನು ನೋಡಿ ತಣಿಯಿತೆಂದುಕೊಂಡವರನ್ನು ಅವರು ಬಹಳ ಕಂಡಿದ್ದಾರೆ. ಪೇಂಟರಿಗೆ ಕೊಡುತ್ತಿರುವುದು ಹೀಗಿದೆ:

“ಎಂಜಿನ್ ಕಾದುಹೋದರೆ ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ: ಕುದಿನೀರು ಮೈಮೇಲೆ ಚಿಮ್ಮುತ್ತದೆ. ಮುಳ್ಳು ಇಳಿದರೂ ನಂಬಬೇಡಿ. ಅರ್ಧ ಗಂಟೆಯಾದರೂ ಆರಲಿ. ಆಮೇಲೆ ಕೂಲೆಂಟ್ ನೋಡಿ.”

‘ಕುದಿನೀರು’ ಸರಿಯೇ, ‘ಹಬೆ’ ಎನ್ನಬೇಕೇ? ಪೇಂಟರ್ ಐದು ಗಂಟೆಗೆ ಬರುತ್ತಾನೆ.

ಹುಬ್ಬಳ್ಳಿಯಿಂದ:

ಕುದಿನೀರು. ಹಬೆಯೆಂದರೆ ಮುಖ ತಿರುಗಿಸಿಕೊಂಡು ತೆಗೆಯುತ್ತಾರೆ.